ಮೊಳೆಯ ಪಕ್ಕದ ಕೈ

ಖಾಜಾ ಮಿಯಾನ ಸುತ್ತಿಗೆ ಈ ಸಲ ಮಚ್ಛೇಂದ್ರನ ಹೆಬ್ಬೆರಳನ್ನು ಬಿಟ್ಟು ಹಲಗೆಯ ಮೇಲೆ ಬಿತ್ತು. ನೋಡುವ ಮೊದಲೇ ಸದ್ದಿನಿಂದ ಇಬ್ಬರಿಗೂ ಗೊತ್ತಾಯಿತು. ಮೊಳೆಗೆ ಬಿದ್ದರೆ ಸುತ್ತಿಗೆ ಟಣ್ ಅನ್ನುತ್ತದೆ, ಬೆರಳಿಗೆ ಬಿದ್ದರೆ ಅಂಥ ಸದ್ದೇನೂ ಇರುವುದಿಲ್ಲ. ಇದು ದಪ್ ಅಂದಿತ್ತು. ಹೊಳೆಯುವ ಕಂದು ಹಾಳೆ ಅಂಟಿಸಿದ ಪ್ಲೈವುಡ್ಡಿನ ಮೇಲೆ, ಮೊಳೆಯಿಂದ ಒಂದು ಬೆರಳಾಚೆ, ಅರ್ಧಚಂದ್ರದ ಗುಳಿ ಬಿದ್ದಿತ್ತು.

"ಕಾವು ಸಡ್ಲಾಗ್ಯಾದ," ಎಂದ ಖಾಜಾ ಮಿಯಾ, ಸುತ್ತಿಗೆಯ ಮರದ ಹಿಡಿಯನ್ನು ಅಲ್ಲಾಡಿಸುತ್ತ.

ಕಾವು ಸಡಿಲಾಗಿರಲಿಲ್ಲ. ಆರು ತಿಂಗಳಲ್ಲಿ ಆ ಸುತ್ತಿಗೆಗೆ ಅದು ಮೂರನೆಯ ಕಾವು. ಮೊದಲು ಸಾಗವಾನಿಯದು, ಆಮೇಲೆ ಬೇವಿನದು, ಈಗಿನದು ಜಾಲಿಯದು. ಮೂರನ್ನೂ ಖಾಜಾ ಮಿಯಾ ತಾನೇ ಕೆತ್ತಿ ಕೂರಿಸಿದ್ದ. ಪ್ರತಿ ಸಲವೂ ಮಚ್ಛೇಂದ್ರ ಅದನ್ನು ಕೈಯಲ್ಲಿ ತೂಗಿ ನೋಡಿ, "ಈಗ ಬರಾಬರ್ ಆತು," ಅಂದಿದ್ದ. ಅಂದು, ಮತ್ತೆ ಮೊಳೆ ಹಿಡಿದು ಕೂತಿದ್ದ.

ಬೇರೆ ಬಡಗಿಗಳು ಒಂದು ಕೈಯಲ್ಲಿ ಮೊಳೆ, ಇನ್ನೊಂದರಲ್ಲಿ ಸುತ್ತಿಗೆ ಹಿಡಿಯುತ್ತಾರೆ. ಇವರಿಬ್ಬರದು ಬೇರೆಯೇ ರೀತಿ. ಮೂವತ್ತು ವರ್ಷದ ಹಿಂದೆ ಕಮಲನಗರದ ಉಸ್ತಾದನ ಹತ್ತಿರ ಕೆಲಸ ಕಲಿಯಲು ಹೋದಾಗ ಆ ಮನುಷ್ಯ ಇಬ್ಬರಿಗೂ ಸೇರಿ ಒಂದೇ ಸುತ್ತಿಗೆ ಕೊಟ್ಟಿದ್ದ. ವಯಸ್ಸಿನಲ್ಲಿ ನಾಲ್ಕು ವರ್ಷ ದೊಡ್ಡವನಾದ ಖಾಜಾ ಮಿಯಾ ಸುತ್ತಿಗೆ ತೆಗೆದುಕೊಂಡ, ಮಚ್ಛೇಂದ್ರನ ಪಾಲಿಗೆ ಮೊಳೆ ಉಳಿಯಿತು. ಉಸ್ತಾದ ತೀರಿಹೋದ, ಇವರು ಠಾಣಾ ಕುಶನೂರಿಗೆ ಮರಳಿ ತಮ್ಮದೇ ಕೆಲಸ ಹಿಡಿದರು, ಗರಗಸ, ಮರ ಹೆರೆಯುವ ರಂಧಾ ಎಲ್ಲ ಎರಡೆರಡು ಬಂದವು, ಸುತ್ತಿಗೆ ಮಾತ್ರ ಒಂದೇ ಉಳಿಯಿತು. ಒಬ್ಬ ಹಿಡಿಯಬೇಕು, ಒಬ್ಬ ಹೊಡೆಯಬೇಕು. ಒಬ್ಬನೇ ಎರಡೂ ಮಾಡುವುದು ಇಬ್ಬರಿಗೂ ಬರುತ್ತಿರಲಿಲ್ಲ ಅಂದರೂ ಸುಳ್ಳಲ್ಲ. ಎಕಂಬಾದಿಂದ ಕಮಲನಗರದವರೆಗೆ ಎಷ್ಟೋ ಮನೆಗಳ ಬಾಗಿಲು ಕಿಟಕಿಗಳು ಹೀಗೆಯೇ ಆಗಿದ್ದವು.

ತಪ್ಪು ಕಾವಿನದಲ್ಲ ಎಂದು ಮಚ್ಛೇಂದ್ರನಿಗೆ ಗೊತ್ತಾಗಿ ಎರಡು ತಿಂಗಳಾಗಿತ್ತು. ಎಳ್ಳಮಾವಾಸ್ಯೆಗೆ ಮೊದಲು ಹಿಟ್ಟಿನ ಗಿರಣಿಯ ಮುಂದೆ ಖಾಜಾ ಮಿಯಾನ ಹೆಂಡತಿ ಬಿಸ್ಮಿಲ್ಲಾಬೀ ಅವನನ್ನು ತಡೆದು ನಿಲ್ಲಿಸಿ, ದನಿ ತಗ್ಗಿಸಿ ಹೇಳಿದ್ದಳು: "ನಮ್ಮವರು ಬೀದರದಾಗ ಕಣ್ಣಿನ ಡಾಕ್ಟರಿಗಿ ತೋರಿಸ್ಕೊಂಡು ಬಂದಾರ. ಕಣ್ಣಿನ ಹಿಂದಿನ ನರ ಒಣಗಲಾಕತ್ತದಂತ. ಹೋಗಿದ್ದು ತಿರುಗಿ ಬರಲ್ಲಂತ. ಉಳದಿದ್ದು ಉಳೀಲಿ ಅಂತ ಔಷಧ ಹಾಕ್ತಾರ. ನಾ ಹೇಳೀನಂತ ಗೊತ್ತಾದ್ರ ನನ್ನ ಜೀವಾ ತಿಂತಾರ, ನೀವು ಬಾಯಿ ಬಿಡಬ್ಯಾಡ್ರಿ." ಮಚ್ಛೇಂದ್ರ ಬಾಯಿ ಬಿಟ್ಟಿರಲಿಲ್ಲ. ಅದಾದ ಮೇಲೆ ಎರಡು ಸಲ ಏಟು ತಿಂದಿದ್ದ. ಬಾಗಿಲಲ್ಲಿ ಬೆರಳು ಸಿಕ್ಕಿತು ಎಂದು ಮನೆಯಲ್ಲಿ ಸುಳ್ಳು ಹೇಳಿದರೆ ಅವನ ಹೆಂಡತಿ ಅನುಸೂಯಾಬಾಯಿ ಅರಿಸಿನ ಹಚ್ಚುತ್ತ, "ಆರು ತಿಂಗಳಾಗ ನಾಕು ಸಲ ಬಾಗಲಾಗ ಬೆರಳ ಸಿಗಿಸ್ಕೊಂಡ ಬಡಗ್ಯಾ ಈ ಜಿಲ್ಲಾದಾಗ ನೀವೊಬ್ಬರೇ ನೋಡ್ರಿ," ಅಂದಿದ್ದಳು.

ಈಗ ಕೆಲಸ ನಡೆದಿದ್ದುದು ಭಾಲ್ಕಿಯಲ್ಲಿ, ಹೈಸ್ಕೂಲ್ ಮಾಸ್ತರ ಓಂಪ್ರಕಾಶನ ಹೊಸ ಮನೆಯಲ್ಲಿ. ಯುಗಾದಿಗೆ ಗೃಹಪ್ರವೇಶ. ಶನಿವಾರದ ಶಾಲೆ ಮುಗಿಸಿ ಮಧ್ಯಾಹ್ನ ಬಂದ ಮಾಸ್ತರ ಗುಳಿಯನ್ನು ನೋಡಿದ.  ಹೊರಗೆ ಹೋಗಿ, "ಮಿಸ್ತ್ರಿ, ಜರಾ ಬರ್ರಿ ಇಲ್ಲಿ," ಎಂದು ಮಚ್ಛೇಂದ್ರನನ್ನು ಮಾತ್ರ ಕರೆದ.

"ನೋಡ್ರಿ, ನಾ ಸಿಟ್ಟಿನಿಂದ ಹೇಳ್ತಿಲ್ಲ," ಎಂದ. "ಬಾಜೂ ಮನ್ಯಾಗ ಹೊರಗಿನವರು ಬಂದು ನೇಲ್ ಗನ್ ಹಿಡದು ನಾಕು ದಿನದಾಗ ಎಲ್ಲಾ ಮುಗಿಸ್ಯಾರ. ಮೊಳಿ ಎಲ್ಲಿ ಹೊಡದಾರ ಅಂತ ಹುಡುಕಿದ್ರೂ ಸಿಗವಲ್ದು. ನೀವೂ ಒಂದು ಗನ್ ತಗೋರಿ. ನಿಮ್ಮ ಕೆಲಸ ನನಗ ಪಸಂದದ. ಆದ್ರ ಗನ್ ಇದ್ರ ಒಬ್ಬ ಮನಶಾ ಸಾಕಲ್ಲ? ಮಿಯಾ ಅವರಿಗಿ ನೀವೇ ತಿಳಿಸಿ ಹೇಳ್ರಿ. ನಾ ಹೇಳಿದ್ರ ಚಲೋ ಕಾಣಲ್ಲ. ಸೋಮವಾರ ನೀವೊಬ್ಬರೇ ಬರ್ರಿ. ಆಗಲ್ಲ ಅಂದ್ರ ನಾ ಬಾಜೂ ಮನಿಯವರಿಗೇ ಕೇಳ್ತೀನಿ."

ಮಚ್ಛೇಂದ್ರ, "ಹೂನ್ರಿ," ಎಂದ. ಒಳಗೆ ಬಂದ. ಖಾಜಾ ಮಿಯಾ ಕಾವಿನ ಬಾಯಿಗೆ ಒಂದು ಚಕ್ಕೆ ಬಡಿಯುತ್ತ ಕೂತಿದ್ದ.

"ಏನಂತಾನ ಮಾಸ್ತರ?"

"ಗನ್ ತಗೋರಿ ಅಂತಾನ. ಮೊಳಿ ಹೊಡ್ಯಾದು."

"ತಗೊಳ್ಳೋಣು ನಡಿ! ಈ ಕಾವಿನ ಕಾಟ ತಪ್ತದ," ಎಂದು ಖಾಜಾ ಮಿಯಾ ಎದ್ದೇಬಿಟ್ಟ. ಇಬ್ಬರೂ ಕೈಯಲ್ಲಿ ಹಿಡಿದು ನೋಡದೆ ಈ ಮೂವತ್ತು ವರ್ಷದಲ್ಲಿ ಒಂದು ಉಳಿಯನ್ನೂ ಅವರು ಕೊಂಡಿರಲಿಲ್ಲ. ನೀನು ಬರಬೇಡ ಎನ್ನಲು ಮಚ್ಛೇಂದ್ರನಿಗೆ ಬಾಯಿ ಬರಲಿಲ್ಲ. ಬೀದರಿಗೆ ಹೋಗುವ ಬಸ್ಸಿನಲ್ಲಿ ಹೇಳಿದರಾಯಿತು ಅಂದುಕೊಂಡ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಖಾಜಾ ಮಿಯಾ ಕೂತ. ಹೊರಗೆ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ಮಾತು ಎಲ್ಲಿಂದ ಶುರು ಮಾಡಬೇಕು ಎಂದು ಮಚ್ಛೇಂದ್ರ ಲೆಕ್ಕ ಹಾಕುತ್ತಿದ್ದ. ಮಾಸ್ತರ ಹೀಗಂದ ಎಂದು ಶುರು ಮಾಡಿದರೆ ಖಾಜಾ ಮಿಯಾ ಮಾಸ್ತರನನ್ನು ಬೈದು ಕೆಲಸ ಬಿಡುತ್ತಾನೆ. ಕಣ್ಣಿನಿಂದ ಶುರು ಮಾಡಿದರೆ ಬಿಸ್ಮಿಲ್ಲಾಬೀ ಸಿಕ್ಕಿಬೀಳುತ್ತಾಳೆ. ಹಲಬರ್ಗಾ ಬರಲಿ, ಹೇಳಿಬಿಡೋಣ ಎಂದು ನಿಶ್ಚಯಿಸಿದ. ಹಲಬರ್ಗಾ ಬಂತು. ಬಸ್ಸು ನಿಂತಿತು. ಎದುರಿಗೇ ಊರಿನ ಹೆಸರಿನ ಆಳೆತ್ತರದ ಹಳದಿ ಬೋರ್ಡು.

"ಯಾವ ಊರು ಬಂತೋ?" ಎಂದ ಖಾಜಾ ಮಿಯಾ, ನೇರ ಆ ಬೋರ್ಡಿನ ಕಡೆ ನೋಡುತ್ತ.

"ಹಲಬರ್ಗಾ," ಎಂದ ಮಚ್ಛೇಂದ್ರ. 

ಮರಗೆಲಸದ ಹತ್ಯಾರ ಮಾರುವ ಮಕ್ಬೂಲನ ಅಂಗಡಿ ಬೀದರಿನ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿತ್ತು. ಮೂಲೆ ನೇರವಿದೆಯೇ ನೋಡುವ ಇವರ ಮೊದಲ ಗುಣ್ಯಾ ಮಾರಿದವನು ಅವನ ಅಪ್ಪ. ಈಗ ಮಕ್ಬೂಲನ ಗಡ್ಡದಲ್ಲೂ ಬಿಳಿ ಕೂದಲು. ಇಬ್ಬರನ್ನೂ ಸ್ಟೂಲಿನ ಮೇಲೆ ಕೂರಿಸಿ, ಗನ್ ಬೇಕು ಅಂದಕೂಡಲೇ ಗನ್ ತೋರಿಸದೆ ಪ್ರಶ್ನೆ ಕೇಳತೊಡಗಿದ. ಅವನ ಅಪ್ಪನದೂ ಅದೇ ಚಾಳಿ.

"ಗ್ವಾಡಿಗಿ ಹೊಡೀತೀರೋ, ಕಟಗಿಗೋ?"

"ಕಟಗಿಗಿ. ಪ್ಲೈವುಡ್."

"ಹಂಗಾದ್ರ ಇದು ಬ್ಯಾಡ." ಕಪಾಟಿನ ಮೇಲಿದ್ದ ಮೊಂಡು ಮೂತಿಯ ಒಂದನ್ನು ತೋರಿಸಿ ಅಲ್ಲೇ ಬಿಟ್ಟ. "ಇದು ಕಾಂಕ್ರೀಟಿಂದು. ಪ್ಲೈವುಡ್ಡಿಗಿ ಹೊಡದ್ರ ಮೊಳಿ ಆ ಕಡಿ ಹೊಂಟು ಬಾಜೂ ಮನಿಗಿ ಹೋಗ್ತದ. ಈ ಇನ್ನೊಂದು ದಪ್ಪ ಮೊಳಿದು. ತೊಲಿ, ಜಂತಿ, ಪ್ಯಾಕಿಂಗ್ ಪೆಟ್ಟಿಗಿ, ಅಂಥಾದಕ್ಕ ಚಲೋ. ನಿಮ್ಮ ಹಾಳಿ ಅಂಟಿಸಿದ ಹಲಗಿ ಸೀಳಿಬಿಡ್ತದ. ನಿಮಗ ಬೇಕಾಗಿದ್ದು ಇದು, ಸಣ್ಣ ಮೊಳಿದು."

ಕೌಂಟರಿನ ಮೇಲೆ ಒಂದು ಸಾಲು ಮೊಳೆ ಇಟ್ಟ. ಬಾಚಣಿಗೆಯ ಹಲ್ಲುಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ತಲೆ ಸಾಸಿವೆಯಷ್ಟೂ ಇರಲಿಲ್ಲ. ಖಾಜಾ ಮಿಯಾ ಅದನ್ನು ಎತ್ತಿ ಕಣ್ಣ ಹತ್ತಿರ ಒಯ್ದ, ಆಮೇಲೆ ಕಣ್ಣು ಬಿಟ್ಟು ಬೆರಳಿಗೆ ಕೊಟ್ಟ.

"ಇದಕ್ಕ ತಲಿನೇ ಇಲ್ಲಲ್ಲೊ!"

"ಅದೇ ಖೂಬಿ ಚಾಚಾ. ತಲಿ ಕಾಣಲ್ಲ, ಕಲಿನೂ ಉಳಿಯಲ್ಲ."

ಆ ಜಾತಿಯಲ್ಲಿ ಎರಡು ಬಗೆಯ ಗನ್ ಇದ್ದವು. ಒಂದು ಬ್ಯಾಟರಿಯದು. ಪೈಪಿಲ್ಲ, ಟ್ಯಾಂಕಿಲ್ಲ, ಚಾರ್ಜು ಮಾಡಿ ಹೆಗಲಿಗೆ ಹಾಕಿಕೊಂಡು ಹೋದರೆ ಎಕಂಬಾದ ಹೊಲದ ನಡುವಿನ ಮನೆಯಲ್ಲೂ ಕೆಲಸ ನಡೆಯುತ್ತದೆ. ಕೈಗೆ ಸ್ವಲ್ಪ ಭಾರ. ಇನ್ನೊಂದು ಗಾಳಿಯದು. ಗನ್ ಹಗುರ, ಆದರೆ ಜೊತೆಗೆ ಗಾಳಿ ತುಂಬುವ ಕಂಪ್ರೆಸರ್ ಬೇಕು, ಅದಕ್ಕೆ ಕರೆಂಟು ಬೇಕು, ಹತ್ತು ಮೀಟರ್ ಪೈಪು ಎಳೆದಾಡಬೇಕು, ಗಾಳಿಯ ಒತ್ತಡ ತೋರಿಸುವ ಮುಳ್ಳು ಎಲ್ಲಿದೆ ಎಂದು ಆಗಾಗ ನೋಡಬೇಕು.

"ಒಬ್ಬರೇ ಕೆಲಸ ಮಾಡೋರು ಆದ್ರ ಕಣ್ಣು ಮುಚ್ಚಿ ಬ್ಯಾಟ್ರಿದು ತಗೋರಿ," ಎಂದ ಮಕ್ಬೂಲ. ಒಂದು ಬೇಡವಾದ ಪ್ಲೈವುಡ್ ತುಂಡಿನ ಮೇಲೆ ಗನ್ನಿನ ಮೂತಿ ಒತ್ತಿ ಹೊಡೆದು ತೋರಿಸಿದ. ಫಟ್. ಅಷ್ಟೇ. ಹಿಡಿಯುವವನೂ ಇಲ್ಲ, ಎರಡನೆಯ ಏಟೂ ಇಲ್ಲ. ಮಚ್ಛೇಂದ್ರ ಆ ತುಂಡನ್ನೇ ನೋಡುತ್ತಿದ್ದ. 

ಖಾಜಾ ಮಿಯಾನಿಗೆ ಮಾತ್ರ ಸಂಭ್ರಮ. ಬ್ಯಾಟರಿಯ ಗನ್ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದ, ಮೂತಿ ಸವರಿದ, ಹಿಡಿಯ ರಬ್ಬರು ಒತ್ತಿ ನೋಡಿದ. "ಇದೇ ತಗೊ ಮಚ್ಛೇಂದ್ರ. ನಮ್ಮ ಊರಾಗ ಕರೆಂಟಿಂದು ನಿನಗ ಗೊತ್ತೇ ಅದ. ಆ ಡಬ್ಬಾ ಹೊತ್ಕೊಂಡು ಯಾರು ತಿರುಗ್ತಾರ? ಇದು ಖರೇ ಹತ್ಯಾರ. ಒಬ್ಬ ಮನಶಾಗ ಬರಾಬರ್ ಆಗ್ತದ."

ಒಬ್ಬ ಮನುಷ್ಯನಿಗೆ. ಅವನು ತಿಳಿದು ಹೇಳಿದನೋ, ಹತ್ಯಾರ ಕಂಡ ಖುಷಿಯಲ್ಲಿ ಹೇಳಿದನೋ ಮಚ್ಛೇಂದ್ರನಿಗೆ ಗೊತ್ತಾಗಲಿಲ್ಲ. ಅವನು ಹೇಳಿದ್ದೆಲ್ಲ ಖರೆಯೇ ಆಗಿತ್ತು. ಹತ್ಯಾರದ ವಿಷಯದಲ್ಲಿ ಖಾಜಾ ಮಿಯಾ ಎಂದೂ ತಪ್ಪು ಹೇಳಿದವನಲ್ಲ.

"ಗಾಳಿದು ತೋರಿಸು," ಎಂದ ಮಚ್ಛೇಂದ್ರ.

"ಯಾಕ?" ಎಂದ ಖಾಜಾ ಮಿಯಾ.

"ಹಗುರ ಅದ."

"ಡಬ್ಬಾ ಹಗುರ ಅದ ಏನು?"

 ಮಕ್ಬೂಲ ಇಬ್ಬರ ಮುಖವನ್ನೂ ನೋಡಿ, ಗಿರಾಕಿಯ ಮರ್ಜಿ ಎಂದು ಗಾಳಿಯ ಗನ್ನುಗಳ ಎರಡು ಡಬ್ಬಿ ಬಿಚ್ಚಿದ. "ಇದರಾಗ ಎರಡು ನಮೂನಿ. ಇದು ಜಲ್ದಿದು. ಟ್ರಿಗರ್ ಒತ್ತಿ ಹಿಡದ್ರ ಆತು, ಮೂತಿ ಎಲ್ಲಿ ತಾಕ್ತದ ಅಲ್ಲಿ ಹೊಡ್ಕೋತ ಹೋಗ್ತದ. ದಿನಕ್ಕ ಎರಡು ದಿನದ ಕೆಲಸ. ಆದ್ರ ಬಾಜೂ ಯಾರರ ಕೈ ಇದ್ರ ಹುಷಾರಿರಬೇಕು. ಇದು ಎರಡನೇದು ನಿಧಾನ. ಪ್ರತಿ ಮೊಳಿಗೂ ಮೂತಿ ಒತ್ತಬೇಕು, ಆಮ್ಯಾಲ ಟ್ರಿಗರ್ ಬಿಟ್ಟು ಮತ್ತ ಒತ್ತಬೇಕು. ಸುಮ್ನ ತಾಕಿದ್ರ ಹೊಡಿಯಲ್ಲ. ನಿಮ್ಮ ಬಾಜೂ ಯಾರೂ ಇರಲ್ಲಲ್ಲ, ಜಲ್ದಿದೇ ತಗೋರಿ."

"ನಿಧಾನಂದು ಕೊಡು," ಎಂದ ಮಚ್ಛೇಂದ್ರ. "ಬಾಜೂ ಕೈ ಇರ್ತದ."

"ಯಾರ್ದು?"

"ಇವಂದು. ಹಲಗಿ ಹಿಡ್ಯಾಕ ಯಾರರ ಬೇಕಲ್ಲ?"

ಖಾಜಾ ಮಿಯಾನ ಬೆರಳು ಬ್ಯಾಟರಿ ಗನ್ನಿನ ಮೇಲೆ ಆಡುತ್ತಿದ್ದುದು ನಿಂತಿತು. ಗನ್ನನ್ನು ಕೌಂಟರಿನ ಮೇಲೆ ಇಟ್ಟ. ಇಡುವಾಗ ಅಂಚು ಎಲ್ಲಿದೆ ಎಂದು ಇನ್ನೊಂದು ಕೈಯಿಂದ ಮುಟ್ಟಿ ನೋಡಿಕೊಂಡ. "ನಾ ಹಿಡೀಬೇಕಾ?" ಎಂದ. "ಮೂವತ್ತು ವರ್ಷ ಹೊಡದವ ನಾ. ನಾ ಹಿಡೀಬೇಕಾ?" ಎದ್ದು ಹೊರಗೆ ಹೋಗಿ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಮಕ್ಬೂಲ ಬಿಲ್ಲಿನ ಪುಸ್ತಕ ತೆರೆದವನು ಮತ್ತೆ ಮುಚ್ಚಿದ.

ಮಚ್ಛೇಂದ್ರ ಹೋಗಿ ಪಕ್ಕದಲ್ಲಿ ಕೂತ. ಓಣಿಯಲ್ಲಿ ಆಟೋಗಳು ಒಂದನ್ನೊಂದು ಬೈದುಕೊಳ್ಳುತ್ತ ನುಗ್ಗುತ್ತಿದ್ದವು.  ಖಾಜಾ ಮಿಯಾನೇ ಮೊದಲು ಕೇಳಿದ.

"ಬಿಸ್ಮಿಲ್ಲಾ ಹೇಳ್ಯಾಳ. ಹೌದಲ್ಲೊ?"

ಮಚ್ಛೇಂದ್ರ ಎಡಗೈಯನ್ನು ಮಡಿಲಿಗೆ ಎಳೆದುಕೊಂಡ.

"ಯಾವಾಗ ಹೇಳಿದಳು?"

"ಎಳ್ಳಮಾಸಿಗಿಂತ ಮೊದಲು."

ಖಾಜಾ ಮಿಯಾ ಕೈ ಚಾಚಿ ಮಚ್ಛೇಂದ್ರನ ಎಡಗೈ ಹಿಡಿದ. ಹೆಬ್ಬೆರಳಿನ ಉಗುರನ್ನು ತನ್ನ ಹೆಬ್ಬೆರಳಿನಿಂದ ತಡವಿದ. ಉಗುರು ಕಪ್ಪಾಗಿ, ಒಂದು ಬದಿ ಎದ್ದಿತ್ತು. ಕಪ್ಪು ಅವನಿಗೆ ಕಂಡಿತೋ ಇಲ್ಲವೋ, ಎದ್ದಿದ್ದು ಗೊತ್ತಾಯಿತು.

"ಎರಡು ತಿಂಗಳು," ಎಂದ. "ನನಗ ಕಾಣಲ್ಲ ಅಂತ ಗೊತ್ತಿದ್ದೂ ಇದನ್ನ ನನ್ನ ಸುತ್ತಿಗಿ ಕೆಳಗ ಇಟ್ಟಿ."

"ಕಾವು ಸಡ್ಲಿತ್ತಲ್ಲ," ಎಂದ ಮಚ್ಛೇಂದ್ರ.

ಖಾಜಾ ಮಿಯಾ ಅವನ ಕೈ ಬಿಟ್ಟು, ಮುಖ ತಿರುಗಿಸಿ ಓಣಿಯ ಕಡೆ ನೋಡಿದ.  "ಪೂರಾ ಹುಚ್ಚದಿ ನೀ," ಎಂದ. "ಮಾಸ್ತರ ಏನಂದ, ಅದೂ ಹೇಳಿಬಿಡು. ನನಗ ಬಿಡು ಅಂದಾನ?"

"ಹೂಂ."

"ಬ್ಯಾಟ್ರಿದು ತಗೊ. ನಾ ಮನ್ಯಾಗ ಕೂಡ್ತೀನಿ. ಕಾವು ಮಾಡಿ ಸಂತ್ಯಾಗ ಮಾರ್ತೀನಿ. ಈಗ ಚಲೋ ರೂಢಿ ಆಗ್ಯಾದ."

"ನನಗ ಒಬ್ಬಂಗೇ ಕೆಲಸ ಬರಲ್ಲ," ಎಂದ ಮಚ್ಛೇಂದ್ರ. ಇದು ಬಸ್ಸಿನಲ್ಲಿ ಲೆಕ್ಕ ಹಾಕಿದ ಮಾತಾಗಿರಲಿಲ್ಲ. "ಖರೇನೇ ಬರಲ್ಲ. ಹಲಗಿ ಯಾರರ ಹಿಡೀದಿದ್ರ ನನಗ ಕೈ ನಡುಗ್ತಾವ. ನಿನಗ ಹಿಡ್ಯಾಕ ನಾಚಿಕಿ ಆಗ್ತದ ಅಂದ್ರ ಹೇಳು, ಇಬ್ಬರೂ ಮನ್ಯಾಗ ಕೂಡೋಣು."

ಖಾಜಾ ಮಿಯಾ ಎದ್ದ. ಮೆಟ್ಟಿಲಿನ ಅಂಚನ್ನು ಕಾಲಿನಿಂದ ತಡವಿ ಒಳಗೆ ಹೋದ. "ಲೇ ಮಕ್ಬೂಲ, ನಿಧಾನಂದು ಕಟ್ಟಿ ಕೊಡು," ಎಂದದ್ದು ಹೊರಗೆ ಕೇಳಿಸಿತು. "ಮತ್ತ ಆ ಪೈಪು ತೂತಿದ್ದದ್ದು ಕೊಡಬ್ಯಾಡ. ನಿಮ್ಮಪ್ಪನ ಕೈಚಳಕ ನನಗ ಗೊತ್ತದ."

ಕಂಪ್ರೆಸರಿಗೆ ಎರಡು ಹಿಡಿ ಇದ್ದವು. ಒಂದೊಂದು ಕಡೆ ಒಬ್ಬೊಬ್ಬ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ನಡೆದರು. ದಾರಿಯುದ್ದಕ್ಕೂ ಖಾಜಾ ಮಿಯಾ ಬ್ಯಾಟರಿಯದೇ ಚಲೋ ಇತ್ತು ಎಂದು ಬೈಯುತ್ತಲೇ ಇದ್ದ.

ಸೋಮವಾರ ಬೆಳಿಗ್ಗೆ ಓಂಪ್ರಕಾಶ ಮಾಸ್ತರ ಶಾಲೆಗೆ ಹೊರಟು ಹೊಸ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಒಳಗೆ ಕಂಪ್ರೆಸರ್ ಗುಡುಗುತ್ತಿತ್ತು. ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದ. ಹುಬ್ಬು ಗಂಟಿಕ್ಕಿತು.

"ಇಬ್ಬರೂ ಬಂದೀರಲ್ಲ ಮಿಸ್ತ್ರಿ?"

"ಈ ಮಷೀನಿಗಿ ಇಬ್ಬರು ಬೇಕ್ರಿ ಸರ್," ಎಂದ ಮಚ್ಛೇಂದ್ರ, ಪೈಪು ಸಿಕ್ಕಿಸುತ್ತ. ತಲೆ ಎತ್ತಿ ನೋಡುವ ಧೈರ್ಯ ಅವನಿಗಾಗಲಿಲ್ಲ.

ಮಾಸ್ತರ ಒಳಗೆ ಬಂದು ಕೈ ಕಟ್ಟಿ ನಿಂತ. ಗುಳಿ ಬಿದ್ದ ಹಲಗೆಯನ್ನು ಬದಿಗಿಟ್ಟು, ಹೊಸದೊಂದನ್ನು ಕತ್ತರಿಸಿ ವಾರ್ಡ್‌ರೋಬಿನ ಚೌಕಟ್ಟಿಗೆ ನಿಲ್ಲಿಸಿದ್ದರು. ಖಾಜಾ ಮಿಯಾ ಎರಡೂ ಅಂಗೈ ಊರಿ ಅದನ್ನು ಹಿಡಿದಿದ್ದ. ಮಚ್ಛೇಂದ್ರ ಗುಣ್ಯಾ ಇಟ್ಟು ನೋಡಿ, "ಬರಾಬರ್ ಅದ," ಎಂದ.

"ಇಲ್ಲ," ಎಂದ ಖಾಜಾ ಮಿಯಾ. ಅವನ ಬಲಗೈ ಹೆಬ್ಬೆರಳು ಹಲಗೆಯ ಅಂಚಿನಗುಂಟ ಮೆಲ್ಲಗೆ ಮೇಲೆ ಹೋಗಿ, ಒಂದು ಕಡೆ ನಿಂತು, ತುಸು ಹಿಂದೆ ಬಂದು ಮತ್ತೆ ನಿಂತಿತು. "ಇಲ್ಲಿ ಹೊರಗ ಬಂದಾದ. ಕೂದಲೆಳಿಯಷ್ಟು."

ಮಾಸ್ತರ ಹತ್ತಿರ ಬಂದು ಬಗ್ಗಿ ನೋಡಿದ. ಅವನಿಗೆ ಏನೂ ಕಾಣಲಿಲ್ಲ. ಕನ್ನಡಕ ಸರಿಮಾಡಿಕೊಂಡು ನೋಡಿದ. ಆಮೇಲೆ ಕೊರಳಲ್ಲಿದ್ದ ಶಾಲೆಯ ಗುರುತಿನ ಚೀಟಿಯ ಅಂಚನ್ನು ಖಾಜಾ ಮಿಯಾ ಬೆರಳಿಟ್ಟ ಸಂದಿಗೆ ತುರುಕಿದ. ಚೀಟಿ ಒಳಗೆ ಹೋಯಿತು. ಕೆಳಗೆ ಇಟ್ಟು ನೋಡಿದ, ಹೋಗಲಿಲ್ಲ. ಮತ್ತೆ ಮೇಲೆ ಇಟ್ಟ, ಹೋಯಿತು. ಮಚ್ಛೇಂದ್ರ ರಂಧಾ ತೆಗೆದುಕೊಂಡು ಒಳಗಿನ ಪಟ್ಟಿಯನ್ನು ಎರಡು ಸಲ ಉಜ್ಜಿ ಹಲಗೆಯನ್ನು ಮತ್ತೆ ಕೂರಿಸಿದ. ಚೀಟಿ ಈಗ ಎಲ್ಲೂ ಹೋಗಲಿಲ್ಲ.

ಮಾಸ್ತರ ಗಡಿಯಾರ ನೋಡಿಕೊಂಡು ಹೊರಗೆ ನಡೆದ. ಗಾಡಿ ಹತ್ತುವ ಮೊದಲು ಹೆಂಡತಿಗೆ ಫೋನು ಹಚ್ಚಿದ್ದು ಕೇಳಿಸಿತು: "ಸರಿತಾ, ಹೊಸ ಮನಿಗಿ ಚಾ ಒಯ್ಯೂ ಮುಂದ ಎರಡು ಕಪ್ಪು ತಗೊಂಡು ಹೋಗು."

ಕಂಪ್ರೆಸರ್ ತುಂಬಿ ತಾನಾಗಿಯೇ ನಿಂತಿತು. ಕೋಣೆ ಒಮ್ಮೆಲೆ ನಿಶ್ಶಬ್ದವಾಯಿತು. ಮಚ್ಛೇಂದ್ರ ಗನ್ ಎತ್ತಿ ಮೂತಿಯನ್ನು ಅಂಚಿನ ಹತ್ತಿರ ತಂದ. ಖಾಜಾ ಮಿಯಾನ ಕೈ ಅಲ್ಲಿಂದ ಒಂದು ಗೇಣೂ ದೂರವಿರಲಿಲ್ಲ. ಐದು ಬೆರಳು ಅಗಲಿಸಿ ಹಲಗೆಯನ್ನು ಒತ್ತಿ ಹಿಡಿದಿದ್ದ, ಮುಖ ಕಿಟಕಿಯ ಕಡೆಗಿತ್ತು.  ಹೊಡೆಯುವುದು ಇಷ್ಟು ಕಷ್ಟ ಎಂದು ಮಚ್ಛೇಂದ್ರನಿಗೆ ಗೊತ್ತಿರಲಿಲ್ಲ.

"ಖಾಜಾಭಾಯಿ, ಕೈ ಜರಾ ಆ ಕಡಿ ತಗಿ."

"ನೀ ಎಂದಾದ್ರೂ ತಗದಿದ್ದಿ ಏನು?" ಎಂದ ಖಾಜಾ ಮಿಯಾ, ಮುಖ ತಿರುಗಿಸದೆ. "ಹೊಡಿ."

ಮಚ್ಛೇಂದ್ರ ಮೂತಿ ಒತ್ತಿದ. ಸರಿಯಾಗಿ ಕೂತಿದೆಯೇ ನೋಡಿದ. ಮತ್ತೊಮ್ಮೆ ನೋಡಿ ಟ್ರಿಗರ್ ಎಳೆದ. ಫಟ್. ಹಲಗೆ ಕೂತಿತು. ಖಾಜಾ ಮಿಯಾನ ಕೈ ಕದಲಿರಲಿಲ್ಲ.

ಆಮೇಲೆ ಆ ಕೈ ಮೊಳೆಯನ್ನು ಹುಡುಕುತ್ತ ಹಲಗೆಯ ಮೇಲೆ ಆಡಿತು. ಮೇಲೆ ಹೋಯಿತು, ಕೆಳಗೆ ಬಂತು, ಸಿಗಲಿಲ್ಲ.

"ಎಲ್ಲಿ ಅದ ಮೊಳಿ?"

ಮಚ್ಛೇಂದ್ರ ಗನ್ ಕೆಳಗಿಟ್ಟ. ಖಾಜಾ ಮಿಯಾನ ತೋರುಬೆರಳು ಹಿಡಿದು ಎರಡಂಗುಲ ಎಡಕ್ಕೆ ಸರಿಸಿ, ಮೊಳೆ ಇಳಿದ ಜಾಗದ ಮೇಲೆ ಇಟ್ಟ.